ಚಟಪಟ ಸದ್ದಿಗೆ ಕೋಡ್ ಇಲ್ಲ

ಜನ ತಮಗೆ ಏನಾಯಿತು ಎಂಬುದನ್ನು ಹತ್ತು ನಿಮಿಷ ಹೇಳುತ್ತಾರೆ. ಅದನ್ನು ಆರು ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ. ಹುಬ್ಬಳ್ಳಿಯ ವೈದ್ಯಕೀಯ ಕೋಡಿಂಗ್ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಕಾಲು ಮುರಿದರೆ ಒಂದು ಕೋಡ್, ಏಣಿಯಿಂದ ಬಿದ್ದು ಮುರಿದರೆ ಅದರ ಜೊತೆಗೆ ಇನ್ನೊಂದು. ಕೇಳಿದವರು ನಗುತ್ತಾರೆ. ನಗಲಿ. ಕೋಡ್ ಇಲ್ಲದ ಕಾಯಿಲೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಅದಕ್ಕೆ ಯಾರೂ ಔಷಧವನ್ನೂ ಹುಡುಕುವುದಿಲ್ಲ.

ನಾನು ಚಿಕ್ಕವಳಿದ್ದಾಗ ಭ್ರಮೆ ತರಿಸುವ ಔಷಧ ಅಂದರೆ ಅದು ಪೊಲೀಸರ ಮಾತಾಗಿತ್ತು. ಈಗ ಜಿಲ್ಲೆಗೊಂದು ದರ್ಶನ ಕೇಂದ್ರವಿದೆ. ಒಂದು ಜಾತಿಯ ಅಣಬೆಯ ಸತ್ವವನ್ನು ತಿದ್ದಿ ಮಾಡಿದ 'ದರ್ಶಿನ್' ಎಂಬ ಔಷಧವನ್ನು ಪಂಪಿನ ಮೂಲಕ ಹನಿಹನಿಯಾಗಿ ರಕ್ತನಾಳಕ್ಕೆ ಬಿಡುತ್ತಾರೆ. ತಿಂಗಳಿಗೊಂದರಂತೆ ಮೂರು ಡೋಸು. ವರ್ಷಗಟ್ಟಲೆ ದುಃಖವೋ ಭಯವೋ ಬಿಡದೆ ಕಾಡಿದವರು ನಾಲ್ಕು ತಾಸು ಕಣ್ಣು ಮುಚ್ಚಿ ಮಲಗಿ ಏನೇನೋ ಕಾಣುತ್ತಾರೆ, ಹಗುರಾಗಿ ಏಳುತ್ತಾರೆ. ಹಣೆಗೆ ಕಟ್ಟಿದ ಪಟ್ಟಿ ಮೆದುಳಿನ ಅಲೆಗಳನ್ನು ದಾಖಲಿಸುತ್ತದೆ, ಎದ್ದ ಮೇಲೆ ರೋಗಿ ಹೇಳಿದ್ದನ್ನು ನರ್ಸ್ ಬರೆದುಕೊಳ್ಳುತ್ತಾರೆ. ನಮ್ಮ ಫಜೀತಿ ಶುರುವಾಗುವುದು ಅಲ್ಲಿಂದ. ಬೇರೆ ಔಷಧ ಕೊಟ್ಟಾಗ ಇಲ್ಲದ್ದು ಕಂಡರೆ ಅದು ಅಡ್ಡಪರಿಣಾಮ. ದರ್ಶಿನ್ ಕೊಟ್ಟಾಗ ಇಲ್ಲದ್ದು ಕಾಣದಿದ್ದರೆ ಔಷಧವೇ ಕೆಲಸ ಮಾಡಿಲ್ಲ ಎಂದು ಅರ್ಥ. ಸತ್ತ ಅಜ್ಜಿ ಬಂದು ಮಾತಾಡಿಸಿದರೆ 'ನಿರೀಕ್ಷಿತ'. ಅಜ್ಜಿ ಮೂರು ದಿನವಾದರೂ ಹೋಗದಿದ್ದರೆ 'ಅಡ್ಡಪರಿಣಾಮ'. ಹೀಗಿದೆ ನಮ್ಮ ನಿಯಮ.

ನನ್ನ ಗಂಡ ಲೋಹಿತ್ ರೈಲಿನ ಲೋಕೋ ಪೈಲಟ್. ಎರಡು ವರ್ಷದ ಹಿಂದೆ ಅವರು ಓಡಿಸುತ್ತಿದ್ದ ಗೂಡ್ಸ್ ಗಾಡಿಗೆ ಒಬ್ಬರು ಅಡ್ಡ ಬಂದರು. ಅಂದಿನಿಂದ ಲೋಹಿತ್ ಎಂಜಿನ್ ಹತ್ತಿಲ್ಲ. ಆ ದಿನದ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ನನ್ನ ಹತ್ತಿರವೂ. ಟಿ.ವಿ. ಮುಂದೆ ಕೂತರೆ ಕೂತೇ ಇರುವುದು, ಟಿ.ವಿ. ಆಫ್ ಆಗಿದ್ದರೂ ಸರಿ. ದರ್ಶಿನ್ ಎರಡು ಡೋಸ್ ಆದ ಮೇಲೆ ಮನುಷ್ಯ ಸ್ವಲ್ಪ ಸ್ವಲ್ಪ ವಾಪಸ್ ಬರತೊಡಗಿದ್ದರು. ಮೂರನೆಯದು ಆ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಇತ್ತು.

ಆವತ್ತು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಅಡುಗೆಮನೆಯಲ್ಲಿ ಶಿಳ್ಳೆ ಹಾಕುತ್ತಾ ಅವಲಕ್ಕಿ ಕಲಸುತ್ತಿದ್ದರು. ಎರಡು ವರ್ಷದ ಮೇಲೆ ಕೇಳಿದ ಶಿಳ್ಳೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಹಂಗ್ಯಾಕ ನೋಡಾಕತ್ತೀ?" ಎಂದರು. "ಇವತ್ತು ಮೂರನೇದು ಮುಗೀತಂದ್ರ ಮುಂದಿನ ತಿಂಗಳ ಫಿಟ್‌ನೆಸ್ ಪರೀಕ್ಷಾ. ದೀಪಾವಳಿಗೆ ನಾ ಎಂಜಿನ್ ಮ್ಯಾಲ."

"ಮೊದಲ ಉಪ್ಪು ಹಾಕ್ರಿ ಅದಕ್ಕ," ಎಂದೆ. ಬೇರೆ ಮಾತು ಹೊಳೆಯಲಿಲ್ಲ.

ತಿನ್ನುವಾಗ ಅವರು ತಟ್ಟೆ ನೋಡುತ್ತಲೇ ಹೇಳಿದರು. "ಎರಡನೇ ಡೋಸ್ ಆದಾಗಿಂದ ಆಗಾಗ ತಲ್ಯಾಗ ಚಟಚಟ ಅಂತೈತಿ. ಪಂಚಮಿಗೆ ಅವ್ವ ಅಳ್ಳು ಹುರೀತಿದ್ಲಲ್ಲ, ಜ್ವಾಳ ಸಿಡೀತಾವ ನೋಡು, ಹಂಗ. ಎರಡು ಮಿನಿಟ್ ಅಷ್ಟ. ಆಮ್ಯಾಲ ಏನೂ ಇಲ್ಲ."

"ಸಿಸ್ಟರ್‌ಗೆ ಹೇಳೀರೇನು?"

"ಹುಚ್ಚಿ ಅದೀ ಏನು? ಅವ್ರು ಬರಕೊಂತಾರ, ನಿಮ್ಮಂಥೋರು ಅದಕ್ಕೊಂದು ಕೋಡ್ ಹಚ್ಚತೀರಿ. ತಲ್ಯಾಗ ಸದ್ದು ಕೇಳಾವನ ಕೈಗೆ ಎಂಜಿನ್ ಯಾರ್ ಕೊಡ್ತಾರ? ನೀನೂ ಬಾಯಿ ಬಿಡಬ್ಯಾಡ. ಆಣಿ ಮಾಡು."

ಆಣೆ ಮಾಡಲಿಲ್ಲ, ಆದರೆ ತಲೆ ಆಡಿಸಿದೆ. ಶಿಳ್ಳೆ ಮತ್ತೆ ನಿಂತುಹೋದೀತು ಎಂಬ ಹೆದರಿಕೆ ನನಗೆ. ಹದಿನೆಂಟು ವರ್ಷ ಎಲ್ಲರ ಕಡತದಲ್ಲಿ ಕೊರತೆ ಹುಡುಕಿದವಳು ನನ್ನ ಗಂಡನ ಕಡತದಲ್ಲಿ ಕೊರತೆ ಬಿಟ್ಟು ಕೆಲಸಕ್ಕೆ ಹೋದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಚೇರಿಯಲ್ಲಿ ಈಗ ಮುಕ್ಕಾಲು ಪಾಲು ಕೋಡ್ ಹಾಕುವುದು ಯಂತ್ರ. ನರ್ಸ್ ಬರೆದದ್ದನ್ನು ಓದಿ ಕಣ್ಣು ಪಿಳುಕಿಸುವಷ್ಟರಲ್ಲಿ ಕೋಡ್ ಹಚ್ಚಿ ಕಡತ ಮುಚ್ಚುತ್ತದೆ. ಹಣೆಪಟ್ಟಿಯ ಅಲೆಗಳನ್ನು ಸೋಸಿ ಕಡತಕ್ಕೆ ಹಾಕುವುದೂ ಅದೇ. ನಾವದನ್ನು ದೊಡ್ಡಪ್ಪ ಅನ್ನುತ್ತೇವೆ. ಎಲ್ಲ ಗೊತ್ತಿದ್ದವರಂತೆ ಮಾತು, ಎದುರಾಡಿದರೆ ಸಿಟ್ಟು. ಪ್ರತಿ ಸೋಮವಾರ ದೊಡ್ಡಪ್ಪ ಮುಚ್ಚಿದ ಕಡತಗಳಲ್ಲಿ ನೂರಕ್ಕೊಂದನ್ನು ತೆಗೆದು ನಾವು ಸರಿ ನೋಡಬೇಕು.

ಆ ದಿನ ನನಗೆ ಸಿಕ್ಕ ಮೂರನೇ ಕಡತ ಉಡುಪಿಯ ಒಬ್ಬ ಹೆಂಗಸಿನದು. ಕೋಡ್: 'ಹಸಿವು ಹೆಚ್ಚಳ, ನಿರೀಕ್ಷಿತ'. ಆದರೆ ಅದೇ ಕಡತದಲ್ಲಿ ತೂಕ ನಾಲ್ಕು ಕಿಲೋ ಇಳಿದಿತ್ತು. ಇದೆಂಥ ಹಸಿವು ಎಂದು ಮೂಲ ಹೇಳಿಕೆ ತೆಗೆದೆ. 'ತಲೆಯ ಒಳಗೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಆಗುತ್ತದೆ' ಎಂದಿತ್ತು.

ದೊಡ್ಡಪ್ಪ ಒಗ್ಗರಣೆ ಓದಿ ಹಸಿವು ಎಂದುಕೊಂಡಿತ್ತು! ಮೊದಲು ಜೋರಾಗಿ ನಗು ಬಂತು. ಪಕ್ಕದ ಮೇಜಿನ ಇಮ್ತಿಯಾಜ್ ಮುಲ್ಲಾ ಕತ್ತೆತ್ತಿ ನೋಡಿದರು. ನನಗಿಂತ ಹತ್ತು ವರ್ಷ ಚಿಕ್ಕವರು, ನಿಯಮದ ವಿಷಯದಲ್ಲಿ ನನಗಿಂತ ಹತ್ತು ಪಟ್ಟು ಬಿಗಿ. ಅವರಿಗೆ ಹೇಳಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಸಾಸಿವೆ ಸಿಡಿಯುತ್ತದೆ. ಜೋಳವೂ ಸಿಡಿಯುತ್ತದೆ.

ಕೋಡ್ ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ, ಎಲ್ಲವೂ ಬೇರೆ ಬೇರೆ ಕೋಡಿನಲ್ಲಿ ಹೂತುಹೋಗಿರುತ್ತವೆ. ಅದಕ್ಕೇ ಸದ್ದು ಹಿಡಿದು ಹುಡುಕಿದೆ. ಚಟಚಟ, ಚಟಪಟ, ಪಟಪಟ, ಚಿಟಿಚಿಟಿ, ಸಿಡಿದಂಗೆ, ಸಿಡಿದ್ಹಾಂಗ. ಕನ್ನಡದವರು ಯಾವ ಸದ್ದನ್ನೂ ಸುಮ್ಮನೆ ಬಿಡುವುದಿಲ್ಲವಲ್ಲ, ಒಂದೊಂದಕ್ಕೂ ಒಂದೊಂದು ಮಾತಿದೆ. ಮಂಡ್ಯದ ಒಬ್ಬರು 'ಕಬ್ಬಿನ ಗದ್ದೇಲಿ ತರಗು ಉರಿದಂಗೆ' ಎಂದಿದ್ದರು. ದೊಡ್ಡಪ್ಪನ ಕೋಡ್: 'ಬೆಂಕಿಯ ದೃಶ್ಯ, ನಿರೀಕ್ಷಿತ'. ರಾಯಚೂರಿನ ಒಬ್ಬರಿಗೆ ಸುರುಸುರು ಬತ್ತಿ ಹಚ್ಚಿದಂತೆ. ಕೋಡ್: 'ಹಬ್ಬದ ನೆನಪು, ನಿರೀಕ್ಷಿತ'. ಕೊಡಗಿನಲ್ಲಿ ಒಲೆಗೆ ಹಸಿ ಕಟ್ಟಿಗೆ ಇಟ್ಟಂತೆ, ಕುಮಟಾದಲ್ಲಿ ಹಪ್ಪಳ ಮುರಿದಂತೆ.

ಒಟ್ಟು ಹನ್ನೊಂದು ಕಡತ. ಹನ್ನೊಂದರಲ್ಲೂ ಸದ್ದು ಶುರುವಾದದ್ದು ಎರಡನೇ ಡೋಸಿನ ಮೇಲೆ.

"ಇಮ್ತಿಯಾಜ್, ಇಲ್ಲಿ ಬರ್ರಿ, ಓಡಿ ಬರ್ರಿ!"

ಅವರು ಕುರ್ಚಿಯನ್ನೇ ಉರುಳಿಸಿಕೊಂಡು ಬಂದು ಒಂದೊಂದೇ ಓದಿದರು. "ಅಕ್ಕಾ, ಇದೆಲ್ಲಾ ಒಂದ ಸದ್ದು!"

"ಹೌದ್ರಿ, ಒಂದ ಸದ್ದು. ಇವ್ರೊಳಗ ಮೂರನೇ ಡೋಸ್ ತಗೊಂಡೋರು ಎಷ್ಟು ಮಂದಿ ನೋಡ್ರಿ."

ಮೂರು ಜನ ತೆಗೆದುಕೊಂಡಿದ್ದರು. ದರ್ಶನ ಕೇಂದ್ರದ ಕಡತದಲ್ಲಿ ಮೂವರೂ ಆರಾಮ. ಇಮ್ತಿಯಾಜ್ ಅವರ ಗುರುತಿನ ಸಂಖ್ಯೆ ಹಿಡಿದು ರಾಜ್ಯದ ಬೇರೆ ಆಸ್ಪತ್ರೆಗಳ ದಾಖಲೆ ಹುಡುಕಿದರು. ಮೂವರಲ್ಲಿ ಇಬ್ಬರನ್ನು ವಾರದೊಳಗೆ ಬೇರೆ ಊರಿನ ಆಸ್ಪತ್ರೆಗೆ ಹೊತ್ತು ತಂದಿದ್ದರು. ಅಲ್ಲಿನ ಕೋಡ್: 'ಮೂರ್ಛೆರೋಗ, ಕಾರಣ ತಿಳಿದಿಲ್ಲ'. ಒಬ್ಬರು ನೀರಿನ ತೊಟ್ಟಿಯ ಪಕ್ಕ ಬಿದ್ದಿದ್ದರು, ಇನ್ನೊಬ್ಬರು ಸ್ಕೂಟರ್ ಮೇಲಿಂದ. ದರ್ಶನ ಕೇಂದ್ರವೂ ತನಗೆ ಕಂಡದ್ದನ್ನು ಬರೆದಿತ್ತು, ಆ ಆಸ್ಪತ್ರೆಗಳೂ ತಮಗೆ ಕಂಡದ್ದನ್ನು ಬರೆದಿದ್ದವು. ನಡುವಿನ ಸಂಬಂಧ ಬರೆಯುವ ಜಾಗ ಮಾತ್ರ ಯಾವ ಫಾರಂನಲ್ಲೂ ಇರಲಿಲ್ಲ.

ಏನನ್ನೋ ಮೊದಲ ಸಲ ಕಂಡುಹಿಡಿದ ಸಂಭ್ರಮ ಒಂದು ಕಡೆ. ನಿಜ ಹೇಳುತ್ತೇನೆ, ಎದ್ದು ಕುಣಿಯಬೇಕು ಅನ್ನಿಸಿತ್ತು. ಅಷ್ಟರಲ್ಲಿ ಗೋಡೆ ಗಡಿಯಾರ ಕಂಡಿತು. ಹನ್ನೊಂದೂ ಇಪ್ಪತ್ತು. ಲೋಹಿತ್ ಮನೆಯಿಂದ ಹೊರಟಿರುತ್ತಾರೆ.

ನಮ್ಮ ಕೈಯಲ್ಲಿ ಇರುವ ಅಸ್ತ್ರ ಒಂದೇ, ಕ್ವೆರಿ. ಕಡತದಲ್ಲಿ ಬರೆದದ್ದು ಸ್ಪಷ್ಟವಿಲ್ಲದಿದ್ದರೆ ನಾವು ವೈದ್ಯರಿಗೆ ಕಳಿಸುವ ಪ್ರಶ್ನೆ ಅದು. ಅದಕ್ಕೆ ಎರಡು ಕಟ್ಟುನಿಟ್ಟಿನ ನಿಯಮ. ಕಡತದಲ್ಲಿ ಇಲ್ಲದ್ದನ್ನು ಕೇಳುವಂತಿಲ್ಲ. ಉತ್ತರವನ್ನು ನಾವೇ ಸೂಚಿಸುವಂತಿಲ್ಲ, ರೋಗ ಯಾವುದೆಂದು ಹೇಳುವುದು ವೈದ್ಯರ ಕೆಲಸ. ಆದರೆ ಕ್ವೆರಿ ಹೋದರೆ ಮುಚ್ಚಿದ ಕಡತವೂ ತೆರೆದುಕೊಂಡು, ಉತ್ತರ ಬರುವ ತನಕ ತೆರೆದೇ ಇರುತ್ತದೆ. ಹಿಂದಿನ ಡೋಸಿನ ಕಡತ ಮುಚ್ಚದೆ ಮುಂದಿನ ಡೋಸಿಗೆ ಪಂಪು ತೆರೆಯುವುದಿಲ್ಲ. ಯಾರೋ ಪುಣ್ಯಾತ್ಮರು ಶಿಸ್ತಿಗಾಗಿ ಇಟ್ಟ ಬೀಗ.

ಇಬ್ಬರೂ ಕೂತು ಹನ್ನೊಂದು ಕಡತಕ್ಕೂ ಒಂದೇ ಕ್ವೆರಿ ಕಳಿಸಿದೆವು: 'ರೋಗಿ ಹೇಳಿದ ಸದ್ದಿನ ವೈದ್ಯಕೀಯ ಅರ್ಥವೇನು? ದಯವಿಟ್ಟು ಸ್ಪಷ್ಟಪಡಿಸಿ.' ಅಲ್ಲಿಗೆ ಮೂರನೇ ಡೋಸ್ ಬಾಕಿ ಇದ್ದ ಎಂಟು ಜನರ ಪಂಪಿಗೆ ಬೀಗ ಬಿತ್ತು.

"ಹನ್ನೆರಡನೇದು ಐತಿ," ಎಂದೆ. ಬೆಳಗಿನ ಮಾತು ಪೂರ್ತಿ ಹೇಳಿದೆ.

ಇಮ್ತಿಯಾಜ್ ಮುಖ ಸಣ್ಣದಾಯಿತು. ಮನೆಯವರ ಕಡತವನ್ನು ನಾವು ಮುಟ್ಟುವಂತಿಲ್ಲ. ಅವರು ತಮ್ಮ ಪರದೆಯಲ್ಲಿ ತೆರೆದು ಓದಿ, ನನಗೆ ಕಾಣದಂತೆ ತಿರುಗಿಸಿಕೊಂಡರು. "ಇದ್ರಾಗ ಏನೈತಿ ಅಂತ ನಿಮಗ ಹೇಳಂಗಿಲ್ಲ ಅಕ್ಕಾ. ಆದ್ರ ಕ್ವೆರಿ ಹಾಕಾಕ ಏನೂ ಇಲ್ಲ."

ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಲ್ಲದಿರಲಿ ಎಂದೇ ನಾನು ಬೆಳಿಗ್ಗೆ ತಲೆ ಆಡಿಸಿದ್ದು. ಲೋಹಿತ್‌ಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಕೇಂದ್ರದ ಒಳಗೆ ಹೋದರೆ ಫೋನ್ ತೆಗೆದಿಡುತ್ತಾರೆ.

ಇನ್ನೊಂದು ದಾರಿಯಿತ್ತು. ಮನೆಯವರು ಹೇಳಿದ್ದನ್ನು ನರ್ಸ್ ಬರೆದುಕೊಂಡರೆ ಅದೂ ದಾಖಲೆಯೇ. ಆದರೆ ಬರೆದದ್ದನ್ನು ಅಳಿಸಲು ಬರುವುದಿಲ್ಲ. ರೈಲ್ವೆಯವರು ಓದುತ್ತಾರೆ. ಎರಡು ವರ್ಷ ಕಾದ ಎಂಜಿನ್ ನನ್ನ ಒಂದು ಮಾತಿನಿಂದ ಕೈತಪ್ಪಬಹುದು, ಗಂಡ ನನ್ನನ್ನು ಎಂದೂ ಕ್ಷಮಿಸದಿರಬಹುದು. ಹೇಳದಿದ್ದರೆ? ಸ್ಕೂಟರ್ ಮೇಲಿಂದ ಬಿದ್ದವರ ನೆನಪಾಯಿತು. ಸ್ಕೂಟರಿನ ಜಾಗದಲ್ಲಿ ರೈಲು ಇದ್ದರೆ ಎಂದು ಯೋಚಿಸಿದ್ದೇ ಕೈ ತಾನಾಗಿ ಫೋನ್ ಎತ್ತಿತು.

ಕೇಂದ್ರದ ಸಿಸ್ಟರ್ ಎವ್ಲಿನ್ ಮಂಗಳೂರು ಕಡೆಯವರು. ಟ್ಯಾಬಿನಲ್ಲಿ ಇರುವ ನಾಲ್ಕು ಆಯ್ಕೆಯಲ್ಲಿ ಒಂದನ್ನು ಒತ್ತಿ ಮುಗಿಸಿ ಎಂದು ಎಷ್ಟು ಹೇಳಿದರೂ ಕೇಳದೆ, ಹಾಳೆಯ ಮೇಲೆ ರೋಗಿಯ ಮಾತನ್ನು ಇದ್ದಂತೆ ಬರೆದು ಸ್ಕ್ಯಾನ್ ಮಾಡಿ ಹಾಕುತ್ತಾರೆ. ಈ ಕಾರಣಕ್ಕೆ ನಮ್ಮ ಕಚೇರಿಯಲ್ಲಿ ಅವರನ್ನು ಬೈಯದವರಿಲ್ಲ. ಬೈದವರಲ್ಲಿ ನಾನೂ ಒಬ್ಬಳು.

"ಸಿಸ್ಟರ್, ನಾ ಲೋಹಿತ್ ಕಮ್ಮಾರ್ ಅವ್ರ ಹೆಂಡತಿ ಮಾತಾಡಾಕತ್ತೀನಿ. ಒಂದು ಹೇಳಿಕಿ ಬರಕೊಳ್ರಿ, ಲಗೂನ."

"ಅಯ್ಯೋ, ಅವರಿಗೆ ಸೂಜಿ ಹಾಕಿ ಆಯ್ತಲ್ಲ ಮಾರಾಯ್ರೆ. ಹನ್ನೆರಡಕ್ಕೆ ಪಂಪು ಆನ್. ಎಂತ ಹೇಳಿ ಬೇಗ."

ಹೇಳಿದೆ. ಅಳ್ಳು, ಪಂಚಮಿ, ಎರಡು ನಿಮಿಷ, ಎಲ್ಲ. ಆ ಕಡೆ ಪೆನ್ನಿನ ಸದ್ದು ಕೇಳುತ್ತಿತ್ತು. "ಅಳ್ಳು ಅಂದ್ರೆ ಅರಳು ಅಲ್ವಾ? ಹಾಗೇ ಬರೀತೇನೆ, ತಿದ್ದುವುದಿಲ್ಲ," ಎಂದರು.

ಹನ್ನೊಂದೂ ಐವತ್ತೊಂದಕ್ಕೆ ಹೇಳಿಕೆ ಕಡತಕ್ಕೆ ಬಂತು. ದೊಡ್ಡಪ್ಪ ಅದಕ್ಕೆ 'ಬಾಲ್ಯದ ನೆನಪು' ಎಂದು ಕೋಡ್ ಹಚ್ಚಿ ಮುಚ್ಚುವ ಮೊದಲು ಹಿಡಿಯಬೇಕು. ಇಮ್ತಿಯಾಜ್ ಬೆರಳು ಕೀಲಿಗಳ ಮೇಲೆ ಕುಣಿದವು. "ಹೋತು!" ಎಂದು ಕೂಗಿದರು. ಕಚೇರಿಯ ಹದಿನಾಲ್ಕು ತಲೆಗಳು ನಮ್ಮ ಕಡೆ ತಿರುಗಿದವು.

ಮೂರು ನಿಮಿಷಕ್ಕೆ ಕಚೇರಿಗೆ ಡಾಕ್ಟರ್ ಕಟ್ಟಿಯವರ ಫೋನ್, ನಾನೇ ಎತ್ತಿದೆ. ದರ್ಶನ ಕೇಂದ್ರದ ಮುಖ್ಯಸ್ಥರು ಅವರು. "ಏನ್ರೀ ಇದು? ಸೂಜಿ ಕೈಯಾಗೈತಿ, ಪಂಪು ಲಾಕ್! ಅಳ್ಳು ಹುರಿಯೂದಕ್ಕ ವೈದ್ಯಕೀಯ ಅರ್ಥ ಕೇಳಾಕತ್ತೀರಿ? ತಲಿ ನೆಟ್ಟಗೈತೇನು ನಿಮಗ?"

"ಡಾಕ್ಟ್ರ, ಉತ್ತರ ನಾ ಹೇಳಂಗಿಲ್ಲ, ನಿಯಮ ಬಿಡಂಗಿಲ್ಲ," ಎಂದೆ. "ಇದ ಪ್ರಶ್ನಿ ಇವತ್ತ ಹನ್ನೆರಡು ಕಡತಕ್ಕ ಹೋಗೇತಿ. ಹಣಿಪಟ್ಟಿ ಅಲಿ ಒಮ್ಮೆ ತಗದು ನೋಡ್ರಿ. ದೊಡ್ಡಪ್ಪ ಸೋಸಿದ್ದಲ್ಲ, ಮೊದಲಿಂದು."

"ಯಾರ್ ದೊಡ್ಡಪ್ಪ?"

"ಯಂತ್ರ, ಡಾಕ್ಟ್ರ."

ಫೋನ್ ಕಟ್ ಮಾಡದೆ ಪಕ್ಕಕ್ಕಿಟ್ಟರು. ನಾಲ್ಕು ನಿಮಿಷ ಕುರ್ಚಿ ಎಳೆಯುವ ಸದ್ದು, ಯಾರನ್ನೋ ಕರೆಯುವ ಸದ್ದು. ವಾಪಸ್ ಬಂದಾಗ ಅವರ ಧ್ವನಿಯೇ ಬೇರೆಯಾಗಿತ್ತು.

"ಚೂಪು ಅಲೆ ಅದಾವ್ರಿ. ಎರಡನೇ ಡೋಸಿನ ಕೊನೀಗೆ, ಸಾಲಾಗಿ. ಕಣ್ಣು ಮಿಟುಕಿಸಿದ್ದಂತ ತಿಳಕೊಂಡು ಯಂತ್ರ ಅದನ್ನ ಅಳಿಸಿಬಿಟ್ಟೈತಿ. ಇದು ಮೂರ್ಛಿಯ ಹೊಸ್ತಿಲು. ಇನ್ನೊಂದು ಡೋಸ್ ಕೊಟ್ಟಿದ್ರ... ಸೂಜಿ ತಗಸೀನಿ. ಉಳದ ಹನ್ನೊಂದು ಎಲ್ಲೆಲ್ಲಿ ಅದಾವ ಕಳಸ್ರಿ, ಆ ಡಾಕ್ಟರ್‌ಗಳಿಗೆ ನಾನ ಫೋನ್ ಮಾಡ್ತೀನಿ."

ಆಮೇಲಿನ ಅರ್ಧ ಗಂಟೆ ನಮ್ಮ ಕಚೇರಿ ಮದುವೆ ಮನೆಯಾಗಿತ್ತು. ಉಡುಪಿಯಿಂದ ಉತ್ತರ ಬಂತು: ಚೂಪು ಅಲೆ ಇದೆ. ಮಂಡ್ಯದಿಂದ ಬಂತು: ಇದೆ. ಕುಮಟಾದಲ್ಲಿ ಮಧ್ಯಾಹ್ನದ ಡೋಸಿಗೆಂದು ಮಲಗಿಸಿದ್ದ ಹಪ್ಪಳದ ಸದ್ದಿನವರನ್ನು ಎಬ್ಬಿಸಿ ಮನೆಗೆ ಕಳಿಸಿದರಂತೆ. ಒಂದೊಂದು ಉತ್ತರಕ್ಕೂ ಇಮ್ತಿಯಾಜ್ ಮೇಜು ಗುದ್ದುತ್ತಿದ್ದರು. ನಾನು ಅದನ್ನೆಲ್ಲ ಪೂರ್ತಿ ನೋಡಲಿಲ್ಲ. ಆಟೋ ಹಿಡಿದು ಕೇಂದ್ರಕ್ಕೆ ಓಡಿದೆ.

ಲೋಹಿತ್ ಮಂಚದ ಅಂಚಿನಲ್ಲಿ ಕೂತಿದ್ದರು, ಮೊಣಕೈಗೆ ಹತ್ತಿ ಒತ್ತಿಕೊಂಡು. ನನ್ನನ್ನು ನೋಡಿ ಮುಖ ತಿರುಗಿಸಿದರು.

"ನೀ ನನ್ನ ಹೆಂಡತಿನೋ, ಆಫೀಸಿನಾಕಿನೋ?"

"ಹೆಂಡತಿ ಆಗಿನ ಫೋನ್ ಮಾಡೀನ್ರಿ. ಬರೇ ಆಫೀಸಿನಾಕಿ ಆಗಿದ್ರ, ಕಡತದಾಗ ಇಲ್ಲ ಅಂತ ಬಾಯಿ ಮುಚ್ಚಗೊಂಡು ಕುಂದರತಿದ್ದೆ."

ಡಾಕ್ಟರ್ ಕಟ್ಟಿ ಅವರ ಎದುರು ಸ್ಟೂಲ್ ಎಳೆದುಕೊಂಡು ಕೂತರು. ಮೂರನೇ ಡೋಸ್ ಇನ್ನಿಲ್ಲ, ಎಂದೂ ಇಲ್ಲ ಎಂದರು. ಆದರೆ ಕಡತದಲ್ಲಿ ಮೂರ್ಛೆರೋಗ ಎಂದು ಬರೆಯುವುದಿಲ್ಲ, ಸರಿಯಾಗಿ ಕೊಟ್ಟ ಔಷಧದಿಂದಲೇ ಆದ ಅಡ್ಡಪರಿಣಾಮ ಎಂದು ಬರೆಯುತ್ತೇವೆ ಎಂದರು. ಎರಡಕ್ಕೂ ಬೇರೆ ಬೇರೆ ಕೋಡ್. ರೋಗವಾದರೆ ಎಂಜಿನ್ ಶಾಶ್ವತವಾಗಿ ಹೋಯಿತು. ಅಡ್ಡಪರಿಣಾಮವಾದರೆ ಆರು ತಿಂಗಳು ಅಲೆ ಶುದ್ಧವಾಗಿದ್ದರೆ ಪರೀಕ್ಷೆಗೆ ಕೂರಬಹುದು. "ಹೆಚ್ಚಿನ ಮಾತು ಕೊಡಂಗಿಲ್ಲ," ಎಂದರು.

"ಅಲೆ ಶುದ್ಧ ಆದ್ರ ಏನು ಬಂತ್ರಿ?" ಲೋಹಿತ್ ನೆಲ ನೋಡುತ್ತಾ ಕೇಳಿದರು. "ಮೂರನೇದ್ರಾಗ ಎಲ್ಲಾ ಹೊರಗ ಬರತೈತಿ ಅಂದಿದ್ರಿ. ನಾ ಅರ್ಧಾಕ ನಿಂತೆ."

ಡಾಕ್ಟರ್ ಅವರ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಎದ್ದು ಹೋದರು. ಕಡತ ಮುಚ್ಚಬೇಕಾದರೆ ಮೊದಲಿನಿಂದ ಪೂರ್ತಿ ಹೇಳಿಕೆ ಬೇಕು, ಅದನ್ನು ಮನೆಯವರು ಇರದಂತೆ ತೆಗೆದುಕೊಳ್ಳಬೇಕು. ಎವ್ಲಿನ್ ನನ್ನನ್ನು ಪರದೆಯ ಆಚೆ ಬೆಂಚಿನ ಮೇಲೆ ಕೂರಿಸಿದರು. ಬಟ್ಟೆಯ ಪರದೆ. ಕಣ್ಣಿಗೆ ಮರೆ, ಕಿವಿಗೆ ಏನೂ ಮರೆಯಲ್ಲ. ಅದು ಅವರಿಗೂ ಗೊತ್ತಿತ್ತು, ಲೋಹಿತ್‌ಗೂ ಗೊತ್ತಿತ್ತು.

ಸದ್ದಿನ ವಿಷಯ ಐದು ನಿಮಿಷದಲ್ಲಿ ಮುಗಿಯಿತು. ದಿನಕ್ಕೆ ಎಷ್ಟು ಸಲ, ಯಾವ ಕಿವಿಯ ಕಡೆ, ಎಲ್ಲ.

"ಮೊದಲನೇ ಡೋಸಿನಲ್ಲಿ ಎಂತ ಕಂಡಿತು?" ಎವ್ಲಿನ್ ಕೇಳಿದರು. "ಆವತ್ತು ಏನೂ ಕಂಡಿಲ್ಲ ಅಂತ ಬರೆಸಿದ್ದೀರಿ."

ಒಳಗೆ ಮಂಚ ಕಿರ್ ಎಂದಿತು.

"ಸುಳ್ಳು ಬರಿಸಿದ್ದೆ ಸಿಸ್ಟರ್," ಲೋಹಿತ್ ಧ್ವನಿ ಬಂತು. "ಹುಚ್ಚ ಅಂತ ಬರದು ಮನೀಗೆ ಕಳಸ್ತಾರ ಅಂತ ಹೆದರಿಕಿ. ಇನ್ನೇನು ಮುಚ್ಚಿಡೂದೈತಿ, ಎಲ್ಲಾ ಬರದಾತಲ್ಲ. ಆವತ್ತಿನ ಹಳಿನ ಕಂಡಿತ್ರಿ. ಬೆಳಿಗ್ಗೆ ಎಂಟರ ಸುಮಾರು, ಬಿಸಲು ಬಿದ್ದಿತ್ತು. ಅಜ್ಜ ಒಬ್ಬಾಂವ ಹಳಿ ನಡುವ ನಿಂತಿದ್ದ. ಹಾರನ್ ಹೊಡದೆ, ಹೊಡದ ಹೊಡದೆ. ಓಡಲಿಲ್ಲ ಆತ. ನನ್ನ ಕಡೆ ನೋಡಿ ಕೈ ಮಾಡಿದ. ಬಸ್ಸಿಗೆ ಕೈ ಮಾಡ್ತಾರಲ್ರಿ, ಹಂಗ. ನಾ ನಿಲ್ಲಸ್ತೀನಿ ಅಂದಕೊಂಡಿದ್ದ ಅನಸ್ತೈತಿ."

ಪೆನ್ನು ನಿಂತಿತು. ಎವ್ಲಿನ್ ಮೂಗು ಒರೆಸಿಕೊಂಡದ್ದು ಕೇಳಿಸಿತು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಎರಡು ವರ್ಷ ಒಂದೇ ಸೂರಿನಡಿ ಇದ್ದು ಕೇಳದ ಮಾತು ಅದು.

"ಬರದ್ರೇನು?" ಲೋಹಿತ್ ಕೇಳಿದರು.

"ಬರೆದೆ. ಹಾಳೆ ಮುಗಿಯಿತು. ಇಷ್ಟು ಸಾಕು ಇವತ್ತಿಗೆ, ಸುಸ್ತಾಗಿದ್ದೀರಿ ನೀವು."

"ಇಲ್ರಿ ಸಿಸ್ಟರ್," ಎಂದರು ನನ್ನ ಗಂಡ. "ಇನ್ನೊಂದು ಹಾಳಿ ತಗೋರಿ."